ಹೇರಿನ ಸುಂಕ, ಹಾದಿಯ ಸುಂಕ: ಕುಬಟೂರಿನ ಶಾಸನಗಳಿಂದ ಅಂತರಜಾಲದ ತೆರಿಗೆಯವರೆಗೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ, ಆನವಟ್ಟಿಗೆ ಸಮೀಪದಲ್ಲಿರುವ ಕುಬಟೂರು ಇಂದು ಒಂದು ಸಾಧಾರಣ ಹಳ್ಳಿ. ಶಾಸನಗಳಲ್ಲಿ ಇದರ ಹೆಸರು ಕುಪ್ಪಟೂರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ನಾಡಿಗೆ ಸೇರಿದ ಹೆಸರಾಂತ ಅಗ್ರಹಾರವಾಗಿತ್ತು. ಇಲ್ಲಿನ ಕೈಟಭೇಶ್ವರ ದೇವಾಲಯವನ್ನು ನೋಡಲು ಇಂದಿಗೂ ಪ್ರವಾಸಿಗರು ಬರುತ್ತಾರೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಇಲ್ಲಿನ ಪಾರ್ಶ್ವನಾಥ ಬಸದಿಗೆ ನೀಡಿದ ದತ್ತಿಯನ್ನು 1077ರ ಶಾಸನವೊಂದು ತಿಳಿಸುತ್ತದೆ. ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವಿ ಮತ್ತು ಕದಂಬರ ನೆನಪಿನ ತಾಳಗುಂದ ನೆರೆಯ ಶಿಕಾರಿಪುರ ತಾಲೂಕಿನಲ್ಲಿವೆ. ಬಿ.ಎಲ್. ರೈಸ್ ಅವರು ಈ ಎರಡು ತಾಲೂಕುಗಳ ಶಾಸನಗಳನ್ನು ಸಂಗ್ರಹಿಸಿ, 1902 ಮತ್ತು 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು.

ಈ ಸಂಪುಟಗಳನ್ನು ತೆರೆದವರಿಗೆ ರಾಜರ ಬಿರುದುಗಳಷ್ಟೇ ಧಾರಾಳವಾಗಿ ಕಾಣಸಿಗುವುದು ತೆರಿಗೆಗಳ ಹೆಸರುಗಳು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಹೀಗೆ ಪಟ್ಟಿ ಬೆಳೆಯುತ್ತದೆ. ಪೆರ್ಜುಂಕವೆಂದರೆ ಹಿರಿದಾದ ಸುಂಕ. ಕಿರುಕುಳವೆಂದರೆ ಸಣ್ಣಪುಟ್ಟ ಬಾಬುಗಳ ತೆರಿಗೆ. ಇಂದು ನಾವು ಆ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತೇವೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತೇ ಇದೆ! ವಡ್ಡರಾವುಳ, ಬಿಲ್ಕೊಡೆ ಮೊದಲಾದವುಗಳ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವುಗಳನ್ನು ವಸೂಲು ಮಾಡಲು ಪ್ರತ್ಯೇಕ ಅಧಿಕಾರಿಗಳಿದ್ದರು, ವ್ಯಾಪಾರದ ಹಾದಿಗಳಲ್ಲಿ ಸುಂಕದ ಕಟ್ಟೆಗಳಿದ್ದವು ಎಂಬುದು ಖಚಿತ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಇಂದಿಗೂ ಅಂಥದೊಂದು ಹೆಸರನ್ನು ಉಳಿಸಿಕೊಂಡಿದೆ.

ಕಲ್ಲಿನ ಮೇಲಿನ ಈ ಸುಂಕಕ್ಕೂ ಕೈಯಲ್ಲಿರುವ ಮೊಬೈಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಅಂತರಜಾಲದ ಸಂಪರ್ಕಕ್ಕೆ ತೆರಿಗೆ ಹಾಕಬಹುದೇ, ಅದರ ಮೂಲಕ ನಡೆಯುವ ಸೇವೆಗೆ ತೆರಿಗೆ ಹಾಕಬಹುದೇ, ಹಾಕುವ ಅಧಿಕಾರ ಯಾರದು ಎಂಬ ವಾದ ಕಳೆದ ಮೂವತ್ತು ವರ್ಷಗಳಿಂದ ಜಗತ್ತಿನಾದ್ಯಂತ ನಡೆದಿದೆ. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಕರ್ನಾಟಕದಲ್ಲೇ ನಡೆಯಿತು. ಆ ವಾದವನ್ನು ಅರ್ಥಮಾಡಿಕೊಳ್ಳಲು ಹಳೆಯ ಶಾಸನಗಳು ಮೂರು ಪ್ರಶ್ನೆಗಳನ್ನು ಕಲಿಸಿಕೊಡುತ್ತವೆ. ಸುಂಕ ಯಾವುದರ ಮೇಲೆ? ಸುಂಕ ಎತ್ತುವ ಹಕ್ಕು ಯಾರಿಗೆ? ಎತ್ತಿದ ಹಣ ಎಲ್ಲಿಗೆ?

ಕಲ್ಲು ಕೊಟ್ಟ ಉತ್ತರ

ಮೊದಲನೆಯ ಪ್ರಶ್ನೆಗೆ ಶಾಸನಗಳ ಉತ್ತರ ಬಹುಮಟ್ಟಿಗೆ ಸ್ಪಷ್ಟ. ವ್ಯಾಪಾರದ ಸುಂಕವನ್ನು ಹೇರಿನ ಲೆಕ್ಕದಲ್ಲಿ, ಬಂಡಿಯ ಲೆಕ್ಕದಲ್ಲಿ, ತಲೆಹೊರೆಯ ಲೆಕ್ಕದಲ್ಲಿ ನಿಗದಿ ಮಾಡಲಾಗುತ್ತಿತ್ತು. ಅಡಿಕೆ, ಮೆಣಸು, ವೀಳ್ಯದೆಲೆ, ಧಾನ್ಯ ಮುಂತಾದ ಸರಕಿಗೆ ಬೇರೆ ಬೇರೆ ದರ. ಅಂದರೆ ಲೆಕ್ಕಕ್ಕೆ ಬರುತ್ತಿದ್ದುದು ಸರಕು.

ಎರಡನೆಯ ಪ್ರಶ್ನೆಗೂ ಉತ್ತರವಿದೆ. ಅರಸನ ಪರವಾಗಿ ನಾಡನ್ನು ಆಳುವ ದಂಡನಾಯಕ ಸುಂಕವನ್ನು ಬಿಟ್ಟುಕೊಡಬಲ್ಲ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ತಮ್ಮ ತಮ್ಮ ಸರಕಿನ ಮೇಲೆ ತಾವೇ ಒಂದಿಷ್ಟು ಆಯವನ್ನು ಕಟ್ಟಿಕೊಂಡು ದೇವಾಲಯಕ್ಕೋ ಕೆರೆಗೋ ಕೊಡಬಲ್ಲವು. ಯಾರು ಏನನ್ನು ಬಿಟ್ಟರು, ಯಾರ ಸಮ್ಮುಖದಲ್ಲಿ ಬಿಟ್ಟರು ಎಂಬುದನ್ನೂ ಕಲ್ಲು ಹೇಳುತ್ತದೆ.

ಮೂರನೆಯ ಪ್ರಶ್ನೆಯ ಉತ್ತರಕ್ಕಾಗಿಯೇ ಅನೇಕ ಶಾಸನಗಳು ಹುಟ್ಟಿದವು ಎಂದರೂ ತಪ್ಪಾಗದು. ಇಂಥ ಸುಂಕದ ಹಣ ಇಂಥ ದೇವರ ನಂದಾದೀವಿಗೆಗೆ, ಇಂಥ ಕೆರೆಯ ದುರಸ್ತಿಗೆ, ಇಂಥ ಮಠದ ಅನ್ನದಾನ ಮತ್ತು ವಿದ್ಯಾದಾನಕ್ಕೆ ಎಂದು ಬರೆದಿರುತ್ತದೆ. ರಾಜರೂ ವರ್ತಕರೂ ಹೀಗೆ ಕೊಟ್ಟ ದತ್ತಿಗಳ ಆಸರೆಯಲ್ಲೇ ಬನವಾಸಿ ನಾಡಿನ ವಿದ್ಯಾಕೇಂದ್ರಗಳು ಬೆಳೆದವು. ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನ ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ಸ್ಥಾನವೆಂದು ವರ್ಣಿಸುತ್ತದೆ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪಾಶಯ ಇಂಥ ಶಾಸನಗಳ ಕೊನೆಯಲ್ಲಿ ಸಾಮಾನ್ಯ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ಮಗ್ಗಕ್ಕೂ ಗಾಣಕ್ಕೂ ಮದುವೆಗೂ ಆಗ ತೆರಿಗೆಯಿತ್ತು. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಈ ಮೂರು ಪ್ರಶ್ನೆಗಳಿಗೆ ಊರವರೆಲ್ಲ ನೋಡುವಂತೆ ಉತ್ತರ ಬರೆದಿಟ್ಟ ಪದ್ಧತಿ ಗಮನಾರ್ಹ.

ಬೆಳಕಿನ ಮೇಲೆ, ಕಾಗದದ ಮೇಲೆ

ಸರಕನ್ನು ಬಿಟ್ಟು ಸರಕು ಸಾಗುವ ಹಾದಿಗೇ, ಅರಿವು ತಲುಪುವ ದಾರಿಗೇ ತೆರಿಗೆ ಹಾಕಿದಾಗ ಏನಾಗುತ್ತದೆ? ಇದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಎರಡು ಒಳ್ಳೆಯ ಉದಾಹರಣೆಗಳಿವೆ. 1696ರಲ್ಲಿ ಅಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುವ ಕಾನೂನು ಬಂದಿತು. ದೊಡ್ಡ ಮನೆಯವರು ಹೆಚ್ಚು ಕೊಡಲಿ ಎಂಬುದು ಉದ್ದೇಶ. ಜನ ಮಾಡಿದ್ದೇನು? ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಗಾಳಿ ಬೆಳಕು ಇಲ್ಲದ ಬಾಡಿಗೆ ಮನೆಗಳಲ್ಲಿ ಕಾಯಿಲೆ ಅನುಭವಿಸಿದವರು ಬಡವರು. ಆ ತೆರಿಗೆ ರದ್ದಾದದ್ದು 1851ರಲ್ಲಿ.

ಎರಡನೆಯದು ಪತ್ರಿಕೆಗಳ ಮುದ್ರಾಂಕ ಶುಲ್ಕ. 1712ರಲ್ಲಿ ಆರಂಭವಾದ ಇದು ಪತ್ರಿಕೆಯ ಬೆಲೆಯನ್ನು ಸಾಮಾನ್ಯ ಕೂಲಿಯವನ ಕೈಗೆ ಎಟುಕದಂತೆ ಏರಿಸಿತು. ಇದನ್ನು ವಿರೋಧಿಸಿದವರು 'ಜ್ಞಾನದ ಮೇಲಿನ ತೆರಿಗೆ' ಎಂದು ಕರೆದರು. ದೀರ್ಘ ಹೋರಾಟದ ಬಳಿಕ 1855ರಲ್ಲಿ ಮುದ್ರಾಂಕವೂ 1861ರಲ್ಲಿ ಕಾಗದದ ಸುಂಕವೂ ಹೋದವು. ಆ ಬಳಿಕ ಅಗ್ಗದ ಪತ್ರಿಕೆ ಮನೆಮನೆಗೆ ತಲುಪಿತು.

ನಮ್ಮ ದೇಶದ ಅನುಭವವೂ ಬೇರೆಯಲ್ಲ. ಉಪ್ಪು ಒಂದು ಪ್ರಾಂತದಿಂದ ಇನ್ನೊಂದಕ್ಕೆ ಕಳ್ಳತನದಿಂದ ಹೋಗದಂತೆ ಬ್ರಿಟಿಷರು ಬೆಳೆಸಿದ್ದ ಮುಳ್ಳುಬೇಲಿಯ ಒಳನಾಡು ಸುಂಕದ ಗಡಿಯನ್ನು 1879ರಲ್ಲಿ ಅವರೇ ಕೈಬಿಟ್ಟರು. ಊರಿನ ಬಾಗಿಲಲ್ಲಿ ಬಂಡಿ, ಲಾರಿಗಳನ್ನು ತಡೆದು ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲಿ ರದ್ದು ಮಾಡಿ, ಅದರ ಬದಲಿಗೆ ಪ್ರವೇಶ ತೆರಿಗೆಯನ್ನು ತಂದಿತು. ರೇಡಿಯೊ ಮನೆಯಲ್ಲಿಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದುದನ್ನು ಮನೆಯ ಹಿರಿಯರು ಇಂದಿಗೂ ಹೇಳುತ್ತಾರೆ. 1980ರ ದಶಕದಲ್ಲಿ ಆ ಶುಲ್ಕವೂ ಹೋಯಿತು.

ಈ ಎಲ್ಲ ಉದಾಹರಣೆಗಳಿಂದ ಒಂದು ಅಂಶ ಹೊರಬರುತ್ತದೆ. ಹಾದಿಯ ಮೇಲೆ ತೆರಿಗೆ ಹಾಕುವುದು ಆಡಳಿತಕ್ಕೆ ಬಹಳ ಸುಲಭ. ಏಕೆಂದರೆ ಹಾದಿ ಓಡಿಹೋಗುವುದಿಲ್ಲ. ಆದರೆ ಅದರ ಭಾರ ಬೀಳುವುದು ಹಾದಿಯ ಅಗತ್ಯ ಹೆಚ್ಚಾಗಿರುವ, ಕೈಯಲ್ಲಿ ಹಣ ಕಡಿಮೆ ಇರುವ ಜನರ ಮೇಲೆ.

ಅಂತರಜಾಲ ಬಂದಾಗ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. 1998ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶವಾಯಿತು. ಅಷ್ಟರಲ್ಲೇ ಹೊರದೇಶಗಳಲ್ಲಿ ತೆರಿಗೆಯ ಚರ್ಚೆ ಕಾವೇರಿತ್ತು. ಕೆನಡಾದ ಅರ್ಥಶಾಸ್ತ್ರಜ್ಞ ಆರ್ಥರ್ ಕಾರ್ಡೆಲ್ ಮೊದಲಾದವರು 'ಬಿಟ್ ತೆರಿಗೆ'ಯ ಸಲಹೆ ಮುಂದಿಟ್ಟಿದ್ದರು. ತಂತಿಯಲ್ಲಿ ಹರಿಯುವ ಮಾಹಿತಿಯ ಪ್ರಮಾಣವನ್ನು ಅಳೆದು, ಅದಕ್ಕೆ ತಕ್ಕಂತೆ ತೆರಿಗೆ ಹಾಕುವುದು ಇದರ ತಿರುಳು. ವಿಶ್ವಸಂಸ್ಥೆಯ 1999ರ ಮಾನವ ಅಭಿವೃದ್ಧಿ ವರದಿ ಇದನ್ನು ಮತ್ತೆ ಪ್ರಸ್ತಾಪಿಸಿತು. ದಿನಕ್ಕೆ ಹತ್ತು ಕಿಲೋಬೈಟಿನ ನೂರು ಇ-ಮೇಲ್ ಕಳಿಸುವವನು ಒಂದು ಅಮೆರಿಕನ್ ಸೆಂಟ್ ಕೊಟ್ಟರೆ ಸಾಕು, ಆ ಹಣದಿಂದ ಬಡ ದೇಶಗಳಿಗೆ ಸಂಪರ್ಕ ಒದಗಿಸಬಹುದು ಎಂಬುದು ವರದಿಯ ವಾದ. ಉದ್ದೇಶ ಉದಾತ್ತವಾದರೂ ವಿರೋಧ ಬಲವಾಗಿತ್ತು. ಕ್ರಮೇಣ ಆ ಸಲಹೆ ಮೂಲೆ ಸೇರಿತು.

ಬಿಟ್ ತೆರಿಗೆಯ ದೋಷವನ್ನು ಕುಬಟೂರಿನ ಭಾಷೆಯಲ್ಲೇ ವಿವರಿಸಬಹುದು. ಹೇರಿನಲ್ಲಿ ಹೊಟ್ಟು ಇದ್ದರೂ ಮೆಣಸು ಇದ್ದರೂ ತೂಕ ಒಂದೇ ಎಂದು ಒಂದೇ ಸುಂಕ ಹಾಕಿದಂತೆ ಅದು. ವಿದ್ಯಾರ್ಥಿ ನೋಡುವ ಒಂದು ಗಂಟೆಯ ಪಾಠದ ವೀಡಿಯೊ ಬಹಳ ತೂಕದ್ದು. ಕೋಟಿ ರೂಪಾಯಿ ವರ್ಗಾಯಿಸುವ ಬ್ಯಾಂಕಿನ ಸಂದೇಶ ಬಹಳ ಹಗುರ. ತೂಕಕ್ಕೂ ಬೆಲೆಗೂ ಅಲ್ಲಿ ಸಂಬಂಧವೇ ಇಲ್ಲ.

ಅಮೆರಿಕ 1998ರ ಅಕ್ಟೋಬರಿನಲ್ಲಿ ಕಾನೂನೊಂದನ್ನು ಮಾಡಿ, ಅಂತರಜಾಲದ ಸಂಪರ್ಕದ ಮೇಲೆ ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಹೊಸ ತೆರಿಗೆ ಹಾಕದಂತೆ ತಡೆಯಿತು. ತಾತ್ಕಾಲಿಕವಾಗಿದ್ದ ಈ ತಡೆ ಮತ್ತೆ ಮತ್ತೆ ಮುಂದುವರಿದು 2016ರಲ್ಲಿ ಶಾಶ್ವತವಾಯಿತು. ಆದರೆ ಅದೇ ದೇಶದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ವೇಫೇರ್ ಎಂಬ ಸಂಸ್ಥೆಯ ಪ್ರಕರಣದಲ್ಲಿ, ಅಂತರಜಾಲದ ಮೂಲಕ ಸರಕು ಮಾರುವ ಹೊರರಾಜ್ಯದ ವ್ಯಾಪಾರಿಯಿಂದಲೂ ಮಾರಾಟ ತೆರಿಗೆಯನ್ನು ರಾಜ್ಯಗಳು ಪಡೆಯಬಹುದೆಂದು ತೀರ್ಪಿತ್ತಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಹಾದಿಗೆ ವಿನಾಯಿತಿ, ಹೇರಿಗೆ ಸುಂಕ ಎಂಬ ಹಳೆಯ ವಿವೇಕವೇ ಕಾಣುತ್ತದೆ.

ಭಾರತದ ದಾರಿ ಬೇರೆಯಾಯಿತು. ಮನಮೋಹನ ಸಿಂಗ್ ಅವರು ಹಣಕಾಸು ಮಂತ್ರಿಯಾಗಿದ್ದಾಗ, 1994ರ ಜುಲೈಯಲ್ಲಿ, ಸೇವಾ ತೆರಿಗೆ ಜಾರಿಗೆ ಬಂದಿತು. ಆರಂಭದ ಮೂರೇ ಸೇವೆಗಳಲ್ಲಿ ದೂರವಾಣಿ ಒಂದು. ದರ ಶೇಕಡ 5. 2001ರಲ್ಲಿ ಆನ್‌ಲೈನ್ ಮಾಹಿತಿ ಸೇವೆಯೂ 2003ರಲ್ಲಿ ಸೈಬರ್ ಕೆಫೆಯೂ ಈ ತೆರಿಗೆಯ ಪಟ್ಟಿಗೆ ಸೇರಿದವು. ಮನೆಯಲ್ಲಿ ಕಂಪ್ಯೂಟರಿಲ್ಲದ ತಾಲೂಕು ಕೇಂದ್ರಗಳ ವಿದ್ಯಾರ್ಥಿಗಳು ಪರೀಕ್ಷೆಯ ಫಲಿತಾಂಶ ನೋಡಲು ಗಂಟೆಗೆ ಇಷ್ಟೆಂದು ಕೊಟ್ಟು ಸಾಲುಗಟ್ಟುತ್ತಿದ್ದ ಕಾಲವದು.

ಕರ್ನಾಟಕದ 'ಬೆಳಕಿನ ಪ್ರಕರಣ'

ಇನ್ನು ಎರಡನೆಯ ಪ್ರಶ್ನೆ: ಹಕ್ಕು ಯಾರದು? ನಮ್ಮ ಸಂವಿಧಾನದ ಏಳನೆಯ ಅನುಸೂಚಿ ತೆರಿಗೆಯ ಅಧಿಕಾರವನ್ನು ಕೇಂದ್ರಕ್ಕೂ ರಾಜ್ಯಗಳಿಗೂ ಹಂಚಿದೆ. ಅಂಚೆ, ತಂತಿ, ದೂರವಾಣಿ, ನಿಸ್ತಂತು ಕೇಂದ್ರದ ಪಟ್ಟಿಯಲ್ಲಿವೆ. ಸರಕುಗಳ ಮಾರಾಟದ ಮೇಲಿನ ತೆರಿಗೆ ಆಗ ರಾಜ್ಯಗಳದ್ದಾಗಿತ್ತು. ಹಾಗಾದರೆ ದೂರವಾಣಿಯ ಕರೆ ಸರಕೋ ಸೇವೆಯೋ? ಕರೆಯನ್ನು ಹೊತ್ತೊಯ್ಯುವ ವಿದ್ಯುತ್ಕಾಂತೀಯ ಅಲೆಗಳು ಸರಕೇ ಆಗಿವೆ, ಆದ್ದರಿಂದ ಮಾರಾಟ ತೆರಿಗೆ ನಮಗೆ ಬರಬೇಕು ಎಂದು ಹಲವು ರಾಜ್ಯಗಳು ವಾದಿಸಿದವು. ಭಾರತ ಸಂಚಾರ ನಿಗಮದ ಪ್ರಕರಣದಲ್ಲಿ 2006ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅಲೆಗಳು ಸಂವಹನದ ಮಾಧ್ಯಮ ಮಾತ್ರ. ಗ್ರಾಹಕ ಅವನ್ನು ಕೊಂಡು ಮನೆಗೆ ಒಯ್ಯುವುದಿಲ್ಲ, ಕೂಡಿಡುವುದಿಲ್ಲ ಎಂಬುದು ತೀರ್ಪಿನ ಸಾರ.

ವಿವಾದ ಇಲ್ಲಿಗೆ ಮುಗಿಯಲಿಲ್ಲ. ಬ್ರಾಡ್‌ಬ್ಯಾಂಡ್ ಬಂದಾಗ ಮಾಹಿತಿ ಗಾಜಿನ ಎಳೆಗಳಲ್ಲಿ, ಅಂದರೆ ಆಪ್ಟಿಕಲ್ ಫೈಬರಿನಲ್ಲಿ, ಬೆಳಕಿನ ಮಿಡಿತಗಳಾಗಿ ಸಾಗತೊಡಗಿತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಇದರಲ್ಲಿ ಹೊಸ ಅಂಶವೊಂದನ್ನು ಕಂಡಿತು. ಲೇಸರ್ ಉಪಕರಣದಿಂದ ಈ ಬೆಳಕನ್ನು ಕೃತಕವಾಗಿ ತಯಾರಿಸಲಾಗುತ್ತದೆ. ವಿದ್ಯುತ್ತನ್ನು ಸರಕೆಂದು ನ್ಯಾಯಾಲಯಗಳು ಹಿಂದೆಯೇ ಒಪ್ಪಿವೆ. ಹಾಗಿದ್ದಲ್ಲಿ 'ಕೃತಕವಾಗಿ ಸೃಷ್ಟಿಸಿದ ಬೆಳಕಿನ ಶಕ್ತಿ' ಏಕೆ ಸರಕಾಗಬಾರದು? ಅದನ್ನು ಗ್ರಾಹಕನಿಗೆ ಮಾರುವ ಭಾರ್ತಿ ಏರ್‌ಟೆಲ್ ಸಂಸ್ಥೆ ರಾಜ್ಯಕ್ಕೆ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಕಟ್ಟಬೇಕು ಎಂದು ಇಲಾಖೆ ಆದೇಶಿಸಿತು. ಇದೇ ಸೇವೆಯ ಮೇಲೆ ಕೇಂದ್ರಕ್ಕೆ ಸೇವಾ ತೆರಿಗೆ ಸಲ್ಲುತ್ತಲೇ ಇತ್ತು.

ವಾದ ಜಾಣತನದ್ದೇ, ಹಗುರವಾಗಿ ತಳ್ಳಿಹಾಕುವಂಥದಲ್ಲ. ಬೆಂಗಳೂರಿನಂಥ ನಗರದ ಆರ್ಥಿಕತೆ ಸರಕಿನಿಂದ ಸೇವೆಯ ಕಡೆಗೆ ಹೊರಳಿದ್ದಾಗ, ಸರಕಿಗೆ ಮಾತ್ರ ತೆರಿಗೆ ಹಾಕಬಲ್ಲ ರಾಜ್ಯಕ್ಕೆ ತನ್ನ ನೆಲದಲ್ಲೇ ಹುಟ್ಟುವ ಸಂಪತ್ತಿನಲ್ಲಿ ನೇರ ಪಾಲಿಲ್ಲ ಎಂಬ ಕೊರಗು ನಿಜವಾಗಿತ್ತು. ಶಾಲೆ, ಆಸ್ಪತ್ರೆ, ಪೊಲೀಸು ನೋಡಿಕೊಳ್ಳಬೇಕಾದುದು ರಾಜ್ಯವೇ ತಾನೆ?

ಆದರೆ 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಇಲಾಖೆಯ ನಿಲುವನ್ನು ತಿರಸ್ಕರಿಸಿತು. ಗ್ರಾಹಕ ಕೇಳಿದ್ದು ಬೆಳಕನ್ನಲ್ಲ, ಮಾಹಿತಿಯ ಸಾಗಣೆಯನ್ನು. ಬೆಳಕು ಕೇವಲ ವಾಹಕ. ಅದು ಗ್ರಾಹಕನ ವಶಕ್ಕೆ ಬರುವುದಿಲ್ಲ, ಅವನು ಅದನ್ನು ಮತ್ತೊಬ್ಬರಿಗೆ ಮಾರಲಾರ. ಇದು ಸೇವೆಯೇ ಹೊರತು ಮಾರಾಟವಲ್ಲ. ಸೇವೆಯ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು. ಹಾದಿ ಬೇರೆ, ಹೇರು ಬೇರೆ ಎಂಬ ವಿವೇಚನೆಯನ್ನೇ ನ್ಯಾಯಾಲಯ ಗಾಜಿನ ಎಳೆಗೆ ಅನ್ವಯಿಸಿತು ಎನ್ನಬಹುದು. ಇಂಗ್ಲೆಂಡಿನಲ್ಲಿ ಕಿಟಕಿಯ ಬೆಳಕಿಗೆ ಬಿದ್ದಿದ್ದ ತೆರಿಗೆ ರದ್ದಾದ 160 ವರ್ಷಗಳ ನಂತರ, ಕೇಬಲಿನೊಳಗಿನ ಬೆಳಕಿನ ಮೇಲಿನ ತೆರಿಗೆ ನಮ್ಮಲ್ಲಿ ಬಿದ್ದುಹೋಯಿತು.

ಅಧಿಕಾರದ ಈ ಜಗಳಕ್ಕೆ ಸಂವಿಧಾನ ತಿದ್ದುಪಡಿಯ ಮೂಲಕ ಪರಿಹಾರ ದೊರೆತದ್ದು ಸರಕು ಮತ್ತು ಸೇವಾ ತೆರಿಗೆಯಲ್ಲಿ. 2017ರ ಜುಲೈ 1ರಿಂದ ಸರಕು, ಸೇವೆ ಎರಡಕ್ಕೂ ಒಂದೇ ತೆರಿಗೆ. ರಾಜ್ಯದೊಳಗಿನ ವ್ಯವಹಾರದಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧರ್ಧ. ದೂರಸಂಪರ್ಕಕ್ಕೆ ನಿಗದಿಯಾದ ದರ ಶೇಕಡ 18.

ವಿದ್ಯಾರ್ಥಿಯ ರೀಚಾರ್ಜು

1994ರ ಶೇಕಡ 5 ಎಲ್ಲಿ, 2017ರ ಶೇಕಡ 18 ಎಲ್ಲಿ! ಮೊಬೈಲಿನ ಡೇಟಾಕ್ಕಾಗಿ ಒಬ್ಬ ವಿದ್ಯಾರ್ಥಿನಿ 236 ರೂಪಾಯಿ ಕೊಟ್ಟಳೆಂದು ಇಟ್ಟುಕೊಳ್ಳೋಣ. ಅದರಲ್ಲಿ ಸೇವೆಯ ಬೆಲೆ 200, ತೆರಿಗೆ 36. ಬೆಂಗಳೂರಿನ ದೊಡ್ಡ ಕಂಪನಿಯೂ ಇದೇ ಶೇಕಡ 18ನ್ನು ಕೊಡುತ್ತದೆ. ಆದರೆ ನೋಂದಾಯಿತ ಉದ್ದಿಮೆಗೆ ತಾನು ಹೀಗೆ ಕೊಟ್ಟ ತೆರಿಗೆಯನ್ನು ತನ್ನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿದೆ. ಇದಕ್ಕೆ ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ವಿದ್ಯಾರ್ಥಿನಿಗೆ ಆ ಅವಕಾಶವಿಲ್ಲ. ಅವಳು ಸರಪಣಿಯ ಕೊನೆಯ ಕೊಂಡಿ. ದರ ಒಂದೇ ಆದರೂ ಭಾರ ಒಂದೇ ಅಲ್ಲ. ಅಂತರಜಾಲದ ತೆರಿಗೆಯ ಚರ್ಚೆಯಲ್ಲಿ ಈ ಸರಳ ಲೆಕ್ಕ ಬಹಳ ಸಲ ಮರೆತುಹೋಗುತ್ತದೆ.

ಸರ್ಕಾರದ ಪರವಾಗಿಯೂ ಹೇಳಬೇಕಾದುದಿದೆ. ಬಟ್ಟೆ, ಸೋಪು, ಔಷಧಗಳಿಗೆ ತೆರಿಗೆ ಇರುವಾಗ ಮೊಬೈಲಿಗೆ ಮಾತ್ರ ಏಕೆ ವಿನಾಯಿತಿ ಎಂದು ಕೇಳಬಹುದು. ಅಂತರಜಾಲವನ್ನು ಪಾಠಕ್ಕಷ್ಟೇ ಅಲ್ಲ, ಮನರಂಜನೆಗೂ ಧಾರಾಳವಾಗಿ ಬಳಸುತ್ತಾರೆ. ಕೋಟ್ಯಂತರ ಗ್ರಾಹಕರಿಂದ ಸಣ್ಣ ಸಣ್ಣ ಮೊತ್ತ ಸೇರಿ ದೊಡ್ಡ ವರಮಾನವಾಗುತ್ತದೆ. ಇವು ತೂಕವಿರುವ ಮಾತುಗಳೇ. ಆದರೂ ಇಂದು ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಪಹಣಿ, ಆಸ್ಪತ್ರೆಯ ಚೀಟಿ ಎಲ್ಲವೂ ಅಂತರಜಾಲದ ಹಾದಿಯಲ್ಲೇ ಬರುತ್ತಿರುವಾಗ, ಸರ್ಕಾರವೇ ಕಡ್ಡಾಯ ಮಾಡಿದ ಹಾದಿಗೆ ಎಷ್ಟು ಸುಂಕ ಸರಿ ಎಂಬ ಪ್ರಶ್ನೆ ಉಳಿಯುತ್ತದೆ.

ಹಾದಿಗೇ ನೇರವಾಗಿ ಕೈಹಾಕಿದ ದೇಶಗಳ ಅನುಭವ ಪಾಠ ಹೇಳುವಂತಿದೆ. ಹಂಗೇರಿಯ ಸರ್ಕಾರ 2014ರ ಅಕ್ಟೋಬರಿನಲ್ಲಿ ಪ್ರತಿ ಗಿಗಾಬೈಟಿಗೆ 150 ಫೋರಿಂಟ್ ತೆರಿಗೆಯ ಮಸೂದೆ ತಂದಾಗ ಬುಡಾಪೆಸ್ಟಿನ ಬೀದಿಗಳಲ್ಲಿ ಜನ ಮೊಬೈಲ್ ದೀಪಗಳನ್ನು ಎತ್ತಿ ಹಿಡಿದು ಪ್ರತಿಭಟಿಸಿದರು. ತಿಂಗಳು ಮುಗಿಯುವುದರೊಳಗೆ ಮಸೂದೆಯನ್ನು ಹಿಂತೆಗೆದುಕೊಳ್ಳಲಾಯಿತು. ಉಗಾಂಡ 2018ರ ಜುಲೈಯಿಂದ ಸಾಮಾಜಿಕ ಜಾಲತಾಣಗಳ ಬಳಕೆಗೆ ದಿನಕ್ಕೆ 200 ಶಿಲ್ಲಿಂಗ್ ವಿಧಿಸಿತು. ಅನೇಕರು ಕಳ್ಳದಾರಿ ಹುಡುಕಿಕೊಂಡರು, ಅನೇಕರು ಬಳಕೆಯನ್ನೇ ಬಿಟ್ಟರು. 2021ರಲ್ಲಿ ಅದನ್ನು ಕೈಬಿಟ್ಟು ಡೇಟಾದ ಮೇಲೆ ಶೇಕಡ 12ರ ತೆರಿಗೆ ತಂದರು.

ಹೇರು ಯಾರದು?

ಹಾದಿಯನ್ನು ಬಿಟ್ಟು ಹೇರಿನ ಕಡೆಗೆ ತಿರುಗೋಣ. ಸಿನಿಮಾ ಹಾಡಿನ ಕ್ಯಾಸೆಟ್ಟು ವಿದೇಶದಿಂದ ಹಡಗಿನಲ್ಲಿ ಬಂದಾಗ ಬಂದರಿನಲ್ಲಿ ಆಮದು ಸುಂಕ ಬೀಳುತ್ತಿತ್ತು. ಅದೇ ಹಾಡು ತಂತಿಯಲ್ಲಿ ಬಂದರೆ ಸುಂಕವಿಲ್ಲ. 1998ರ ಮೇ ತಿಂಗಳಿನಲ್ಲಿ ಜಿನೀವಾದಲ್ಲಿ ಸೇರಿದ್ದ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ವಿದ್ಯುನ್ಮಾನ ಸಾಗಣೆಯ ಮೇಲೆ ಆಮದು ಸುಂಕ ಹಾಕುವುದಿಲ್ಲವೆಂದು ಒಪ್ಪಿದ್ದವು. ಆಗ ಸಾಗುತ್ತಿದ್ದುದು ಅಲ್ಪ. ಇಂದು ಪುಸ್ತಕ, ಸಿನಿಮಾ, ಸಾಫ್ಟ್‌ವೇರ್ ಎಲ್ಲವೂ ಅದೇ ಹಾದಿಯಲ್ಲಿವೆ. ಈ ಒಪ್ಪಂದದಿಂದ ಅಭಿವೃದ್ಧಿಶೀಲ ದೇಶಗಳಿಗೆ ವರಮಾನ ನಷ್ಟವಾಗುತ್ತಿದೆ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕ ವಾದಿಸುತ್ತ ಬಂದವು. ಆದರೂ 2024ರ ಅಬುಧಾಬಿ ಸಮ್ಮೇಳನದಲ್ಲಿ ಅದನ್ನು ಮತ್ತೊಮ್ಮೆ ಮುಂದುವರಿಸಲಾಯಿತು.

ಭಾರತ ಬೇರೊಂದು ಉಪಾಯವನ್ನೂ ಹೂಡಿತು. ವಿದೇಶಿ ಕಂಪನಿ ಇಲ್ಲಿ ಕಚೇರಿ ಇಡದೆ, ಇಲ್ಲಿನ ಜನರಿಗೆ ಜಾಹೀರಾತು ತೋರಿಸಿ ಹಣ ಗಳಿಸಿದರೆ ಆದಾಯ ತೆರಿಗೆಯ ಹಳೆಯ ನಿಯಮಗಳು ಅದನ್ನು ಮುಟ್ಟುವುದಿಲ್ಲ. ಆದ್ದರಿಂದ 2016ರ ಜೂನ್ 1ರಿಂದ ಇಂಥ ಆನ್‌ಲೈನ್ ಜಾಹೀರಾತಿನ ಪಾವತಿಯ ಮೇಲೆ ಶೇಕಡ 6ರ ಸಮೀಕರಣ ಸುಂಕ ಬಂದಿತು. ಜನ ಇದನ್ನು 'ಗೂಗಲ್ ತೆರಿಗೆ' ಎಂದೇ ಕರೆದರು. 2020ರ ಏಪ್ರಿಲಿನಿಂದ ವಿದೇಶಿ ಇ-ವಾಣಿಜ್ಯ ಸಂಸ್ಥೆಗಳ ವಹಿವಾಟಿಗೂ ಶೇಕಡ 2 ಬಿತ್ತು. ಅಮೆರಿಕ ಇದು ತನ್ನ ಕಂಪನಿಗಳ ವಿರುದ್ಧದ ಪಕ್ಷಪಾತವೆಂದು ತನಿಖೆ ನಡೆಸಿತು. ಶೇಕಡ 2ರ ಸುಂಕ 2024ರ ಆಗಸ್ಟ್ 1ರಿಂದಲೂ ಶೇಕಡ 6ರದ್ದು 2025ರ ಏಪ್ರಿಲ್ 1ರಿಂದಲೂ ರದ್ದಾದವು. ಹೇರು ಎಲ್ಲಿ ಇಳಿಯುತ್ತದೋ ಅಲ್ಲಿ ಸುಂಕ ಎಂಬ ನ್ಯಾಯ ತತ್ತ್ವದಲ್ಲಿ ಸರಿಯಿದ್ದರೂ, ಹೇರಿನ ಒಡೆಯ ಬಲಿಷ್ಠನಾಗಿದ್ದರೆ ಸುಂಕದ ಕಟ್ಟೆಯನ್ನು ನಿಲ್ಲಿಸುವುದು ಸುಲಭವಲ್ಲ ಎಂಬುದಕ್ಕೆ ಇದು ನಿದರ್ಶನ.

ಹಣ ಎಲ್ಲಿಗೆ ಹೋಯಿತು?

ಮೂರನೆಯ ಪ್ರಶ್ನೆಯೇ ಕೊನೆಯದು. 2002ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ವರಮಾನದ ಶೇಕಡ 5ನ್ನು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆ ಕೊಡಬೇಕಾಯಿತು. ಲಾಭವಿಲ್ಲವೆಂದು ಕಂಪನಿಗಳು ಹೋಗದ ಹಳ್ಳಿಗಳಿಗೆ ಸಂಪರ್ಕ ಒದಗಿಸುವುದಕ್ಕೆ ಈ ಹಣ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ, ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ಎಳೆಯುವ ಯೋಜನೆಗೆ ಹಣ ಬಂದದ್ದು ಇದೇ ನಿಧಿಯಿಂದ. 2023ರ ದೂರಸಂಪರ್ಕ ಕಾಯಿದೆ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. ಹಾದಿಯಿಂದ ಎತ್ತಿದ ಹಣ ಹಾದಿಯಿಲ್ಲದ ಊರಿಗೆ ಎಂಬ ಈ ತತ್ತ್ವ, ಸುಂಕದ ಹಣವನ್ನು ಕೆರೆಗೆ ಬಿಟ್ಟ ದಂಡನಾಯಕನಿಗೂ ಅರ್ಥವಾಗುತ್ತಿತ್ತು. ತಮ್ಮ ಪಂಚಾಯಿತಿಗೆ ಬಂದ ಎಳೆ ಶಾಲೆಯನ್ನು ತಲುಪಿದೆಯೇ, ಕೆಲಸ ಮಾಡುತ್ತಿದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ವಿದ್ಯಾರ್ಥಿಗೂ ಇದೆ. ಏಕೆಂದರೆ ಆ ಹಣದಲ್ಲಿ ಅವರ ರೀಚಾರ್ಜಿನ ಪಾಲೂ ಇದೆ.

ಕರ್ನಾಟಕ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾನೂನು ಇನ್ನೊಂದು ಉದಾಹರಣೆ. ಆ್ಯಪ್‌ಗಳ ಮೂಲಕ ಊಟ ತಲುಪಿಸುವ, ಜನರನ್ನು ಸಾಗಿಸುವ ಕಾರ್ಮಿಕರಿಗೆ ಪ್ರತಿ ವ್ಯವಹಾರದಲ್ಲಿ ಸಲ್ಲುವ ಮೊತ್ತದ ಮೇಲೆ ಕಂಪನಿಗಳು ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕೊಡಬೇಕು. ಅದು ಆ ಕಾರ್ಮಿಕರ ಸಾಮಾಜಿಕ ಭದ್ರತೆಗೇ ಮೀಸಲು. ಯಾರಿಂದ, ಎಷ್ಟು, ಯಾವುದಕ್ಕೆ ಎಂಬ ಮೂರೂ ಅಂಶ ಕಾನೂನಿನಲ್ಲೇ ಬರೆದಿವೆ.

ಅದೇ ವರ್ಷದ ಜುಲೈಯಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಕಂಡಿತು. ಯುಪಿಐ ಪಾವತಿಗಳ ಮಾಹಿತಿಯ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ತೆರಿಗೆ ಯುಪಿಐ ಮೇಲಿನದಾಗಿರಲಿಲ್ಲ. ಸರಕಿನ ವಾರ್ಷಿಕ ವಹಿವಾಟು 40 ಲಕ್ಷ, ಸೇವೆಯದ್ದು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯವೆಂಬುದು ಹಿಂದಿನಿಂದಲೂ ಇದ್ದ ನಿಯಮ. ಆದರೆ ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಪದಾರ್ಥ ಮಾರುವವರಿಗೂ ನೋಟಿಸು ಹೋದಾಗ ಗಾಬರಿ ಹಬ್ಬಿತು. ಅನೇಕ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬೋರ್ಡು ಬಂದಿತು. ಇಂಥ ಪದಾರ್ಥ ಮಾರುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 23ರಂದು ತಿಳಿಸಿದ ಮೇಲೆ ಕಾವು ಇಳಿಯಿತು. ಹಿಂದೆ ಕಟ್ಟೆಯಲ್ಲಿ ಕುಳಿತ ಸುಂಕದವನು ಹೇರನ್ನು ಎಣಿಸುತ್ತಿದ್ದ. ಈಗ ಹಾದಿಯೇ ಎಣಿಸುತ್ತದೆ. ಎಣಿಕೆ ನಿಖರವಾದಷ್ಟೂ ನಿಯಮವನ್ನು ಮೊದಲೇ, ಜನರ ಭಾಷೆಯಲ್ಲಿ ತಿಳಿಸುವ ಹೊಣೆ ಹೆಚ್ಚುತ್ತದೆ. ಇಲ್ಲವಾದರೆ ಜನ ಕಿಟಕಿ ಮುಚ್ಚಿದಂತೆ ಹಾದಿಯನ್ನೇ ಬಿಟ್ಟುಬಿಡುತ್ತಾರೆ.

ಆದ್ದರಿಂದ ಅಂತರಜಾಲಕ್ಕೆ ತೆರಿಗೆ ಬೇಕೇ ಬೇಡವೇ ಎಂದು ಒಂದೇ ಮಾತಿನಲ್ಲಿ ಕೇಳುವುದು ಚರ್ಚೆಯನ್ನು ದಾರಿ ತಪ್ಪಿಸುತ್ತದೆ. ಅಂತರಜಾಲದಲ್ಲಿ ನಡೆಯುವ ವ್ಯಾಪಾರಕ್ಕೆ, ಅದು ದೇಶೀಯರದಾಗಲಿ ವಿದೇಶೀಯರದಾಗಲಿ, ಬೀದಿಯ ಅಂಗಡಿಯವನಂತೆಯೇ ತೆರಿಗೆ ಸಲ್ಲಬೇಕಾದುದು ನ್ಯಾಯ. ಅಲ್ಲಿಗೆ ತಲುಪುವ ಹಾದಿಯ ಸುಂಕವಾದರೋ ಆದಷ್ಟು ಹಗುರವಾಗಿರಬೇಕು. ಎತ್ತಿದ ಪಾಲು ಕಣ್ಣಿಗೆ ಕಾಣುವಂತೆ ಹಾದಿಯಿಲ್ಲದವರಿಗೆ ಹಿಂದಿರುಗಬೇಕು. ಹನ್ನೊಂದನೆಯ ಶತಮಾನದ ಕುಪ್ಪಟೂರಿನವರು ತಮ್ಮ ನಾಡಿನ ದತ್ತಿಗಳ ಲೆಕ್ಕವನ್ನು ದೇವಾಲಯದ ಅಂಗಳದಲ್ಲಿ ನಿಂತು ಓದಿಸಿಕೊಳ್ಳಬಹುದಾಗಿತ್ತು. ನಮ್ಮ ಕಾಲದ ಲೆಕ್ಕ ಬಜೆಟ್ ಪುಸ್ತಕದಲ್ಲೂ ರೀಚಾರ್ಜಿನ ರಸೀದಿಯಲ್ಲೂ ಇದೆ. ಅದನ್ನು ಓದುವ ಅಭ್ಯಾಸ ಶಾಲೆ ಕಾಲೇಜುಗಳಲ್ಲೇ ಆರಂಭವಾಗಬೇಕಾಗಿದೆ.